ತೊಟ್ಟಿಯ ವಸಡು

ದೊಡ್ಡಮ್ಮನ ಮನೆ ಸೇರಿದ ಮೊದಲ ಭಾನುವಾರವೇ ಅವನು ಇರಲು ಜಾಗ ಕೊಟ್ಟ ಋಣ ತೀರಿಸಲು ಹೊರಟಿದ್ದ. ಹಾಲ್‌ನಲ್ಲಿ ನೂರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ. ಅದರ ಕಲ್ಲುಗಳಿಗೆಲ್ಲ ಗುಲಾಬಿ ಬಣ್ಣದ ಗಟ್ಟಿ ಕರೆ. ಪಾಪ, ವಯಸ್ಸಾದವರು, ತಿಕ್ಕಲು ಕೈಲಾಗಿರಲಿಕ್ಕಿಲ್ಲ ಎಂದುಕೊಂಡು ಎರಡು ಗಂಟೆ ಬೆವರು ಸುರಿಸಿ ಒಂದು ಕಲ್ಲನ್ನು ಬೋಳಿಸಿದ. ಹೊರಗಿನಿಂದ ಬಂದ ದೊಡ್ಡಮ್ಮ ಆ ಬೋಳು ಕಲ್ಲನ್ನೂ ಅವನ ಬೀಗಿದ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಆರು ವರ್ಷ ಬೆಳೆಸಿದ್ದು ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು. ಅಂದಿನಿಂದ ಅವನ ಹೆಸರು ಹುಷಾರಪ್ಪ.

ಅದು ಕೊಳೆಯಲ್ಲ, ಕೋರಲೈನ್ ಪಾಚಿ. ನೀರಿನ ಸುಣ್ಣದಂಶ ಹೀರಿಕೊಂಡು ಕಲ್ಲಿನ ಮೇಲೆ ಕಲ್ಲಿನಂತೆಯೇ ಹರಡುವ ಜೀವ. ಅದು ಹಬ್ಬಿದ ಕಡೆ ಹಸಿರು ಲೋಳೆಗೆ ಕಾಲೂರಲು ಜಾಗ ಸಿಗುವುದು ಕಷ್ಟ. ಇದನ್ನೆಲ್ಲ ಅವನ ತಲೆಗೆ ತುಂಬಿದ್ದು ದೊಡ್ಡಮ್ಮನೇ. ಮೂವತ್ತೊಂದು ವರ್ಷ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೂತೆದ್ದವರು ಅವರು. ಹಲ್ಲನ್ನು ಯಾರು ಬೇಕಾದರೂ ಕೂರಿಸಿಯಾರು, ವಸಡಿನ ಬಣ್ಣ ಹೊಂದಿಸುವುದೇ ನಿಜವಾದ ಕೆಲಸ ಎನ್ನುವುದು ಅವರ ವಾದ. ಬಸ್ಸಿನಲ್ಲಿ ಎದುರಿಗೆ ಕೂತವರು ನಕ್ಕರೆ ಸಾಕು, ಅದು ತಮ್ಮ ಲ್ಯಾಬಿನ ಮಾಲೋ ಅಲ್ಲವೋ ಎಂದು ಅವರಿಗೇ ಕೇಳಿಸುವಂತೆ ತೀರ್ಪು ಕೊಡುತ್ತಿದ್ದರು. ಇಳಿದು ಹೋಗಲು ಜಾಗ ಹುಡುಕುವ ಪಾಡು ಹುಷಾರಪ್ಪನದು.

"ಈ ಪಾಚಿ ತೊಟ್ಟಿಯ ವಸಡು ಕಣೋ. ಹಲ್ಲು ಅಲ್ಲಾಡೋಕೆ ಮುಂಚೆ ವಸಡು ಬಿಳಚಿಕೊಳ್ಳುತ್ತೆ. ಮೀನು ಆಮೇಲೆ ನೋಡು, ಮೊದಲು ಇದನ್ನ ನೋಡು."

ಅಂಥ ಕಣ್ಣಿಗೇ ಆಪರೇಷನ್ ಬಂತು. ಎರಡು ವಾರ ತಂಗಿಯ ಮನೆಯಲ್ಲಿ ಮಲಗಿರಬೇಕು. ತೊಟ್ಟಿ ಹುಷಾರಪ್ಪನ ಕೊರಳಿಗೆ ಬಿತ್ತು. ಚಿಟಿಕೆ ಮೇವು ಹಾಕಬೇಕು, ದಿನಾ ಆವಿಯಾಗುವ ಎರಡು ಲೀಟರ್ ನೀರನ್ನು ಗಾಜಿನ ಮೇಲಿನ ಗೆರೆಯವರೆಗೆ ತುಂಬಬೇಕು, ಅಷ್ಟೇ. ಆದರೆ ಅಷ್ಟಕ್ಕೇ ನಿಂತರೆ ಅವನು ಹುಷಾರಪ್ಪ ಹೇಗಾದಾನು? ಸಮುದ್ರದ ಮೀನಿಗೆ ಸಪ್ಪೆ ನೀರು ಹಾಕುವುದುಂಟೇ ಎಂದು, ದೊಡ್ಡಮ್ಮ ಹೇಳದಿದ್ದರೂ, ಡಬ್ಬದಿಂದ ಸಮುದ್ರದ ಉಪ್ಪು ಅಳೆದು ಕಲಸಿ ಸುರಿಯತೊಡಗಿದ.

ಅವನ ಉದ್ಯೋಗ ಕೊರಿಯರ್ ಕಚೇರಿಯಲ್ಲಿ ದೂರಿನ ಫೋನ್ ಎತ್ತುವುದು. ಪಾರ್ಸೆಲ್ ಎಲ್ಲಿದೆಯೆಂದು ದೇವರಿಗೂ ಗೊತ್ತಿಲ್ಲದಾಗ ದಾರಿಯಲ್ಲಿದೆ ಎಂದು ತಣ್ಣಗೆ ಹೇಳಬೇಕು. ದೊಡ್ಡಮ್ಮ ದಿನಾ ಫೋನ್ ಮಾಡಿ ಬಣ್ಣ ಹೇಗಿದೆ ಎಂದು ಕೇಳಿದಾಗಲೂ ನಾಲಿಗೆ ಅದೇ ಹಳಿಯ ಮೇಲೆ ಓಡಿತು. ಚೆನ್ನಾಗಿದೆ ದೊಡ್ಡಮ್ಮ. ಅರ್ಧಕ್ಕರ್ಧ ದಿನಗಳಲ್ಲಿ ಆ ಮಾತನ್ನು ಆಫೀಸಿನ ಕುರ್ಚಿಯಲ್ಲೇ ಕೂತು ಹೇಳಿದ್ದ.

ಹತ್ತನೆಯ ದಿನ ಬೆಳಿಗ್ಗೆ ಮೇವು ಹಾಕಲು ಬಗ್ಗಿದವನು ಅಂದು ಸರಿಯಾಗಿ ನೋಡಿದ. ಕಲ್ಲುಗಳ ಅಂಚೆಲ್ಲ ಬಿಳಿ. ಉಗುರಿನಷ್ಟು ಚೂರಿನಿಂದ ದೊಡ್ಡಮ್ಮ ಅಂಗೈಯಗಲ ಬೆಳೆಸಿದ್ದ ಹವಳ ಮುಷ್ಟಿಯಂತೆ ಮುದುಡಿತ್ತು. ಪಟ್ಟೆಯ ಜೋಡಿ ಮೀನು ಮೇಲಿನ ಮೂಲೆಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದವು. ಅಷ್ಟರಲ್ಲಿ ಫೋನ್ ಬಂತು.

ಬಣ್ಣ ಹೇಗಿದೆಯೋ ಎಂದರು ದೊಡ್ಡಮ್ಮ. ಚೆನ್ನಾ ಎಂದವನು ಅಲ್ಲಿಗೇ ನಿಲ್ಲಿಸಿ ಮತ್ತೊಮ್ಮೆ ಕಲ್ಲುಗಳತ್ತ ನೋಡಿದ.

"ಬಿಳಿಯಾಗಿದೆ ದೊಡ್ಡಮ್ಮ."

"ನಿನ್ನೆ ಚೆನ್ನಾಗಿದೆ ಅಂದೆ."

"ನೋಡದೇ ಹೇಳಿದೆ."

ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಉಪ್ಪಳೆಯುವ ಕೊಳವೆಗೆ ತೊಟ್ಟಿಯ ನೀರು ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ಓದು ಎಂದರು. ಲೀಟರಿಗೆ ಮೂವತ್ತೈದು ಗ್ರಾಂ ಇರಬೇಕಾದ ಕಡೆ ನಲವತ್ತೆರಡು. ದಿನಾ ಏನು ಸುರಿಯುತ್ತಿದ್ದೀಯ ಎಂದು ಕೇಳಿದರು. ಹೇಳಿದ.

"ಹಾರಿಹೋಗೋದು ನೀರು ಮಾತ್ರ ಕಣೋ. ಉಪ್ಪು ಎಲ್ಲಿಗೆ ಹೋಗುತ್ತೆ? ಅಲ್ಲೇ ಕೂತಿರುತ್ತೆ."

ಅವನು ಆಗಲೇ ಸಪ್ಪೆ ನೀರಿನ ಬಕೆಟ್ ಎತ್ತಿದ್ದ. ಹಿಡಿಕೆಯ ಸದ್ದು ಅವರಿಗೆ ಕೇಳಿಸಿತು.

"ಬಕೆಟ್ ಕೆಳಗಿಡು. ಒಂದೇ ಏಟಿಗೆ ಸುರಿದ್ರೆ ಉಳಿದಿರೋದೂ ಸಾಯುತ್ತೆ."

ದಿನಕ್ಕೆ ನಾಲ್ಕು ಸಲ, ಒಂದು ಲೀಟರ್ ತೆಗೆಯಬೇಕು, ಒಂದು ಲೀಟರ್ ಸಪ್ಪೆ ನೀರನ್ನು ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಬಿಡಬೇಕು. ಮನೆಯಲ್ಲಿ ಆರೋಗ್ಯ ಸರಿಯಿಲ್ಲ ಎಂದು ಆಫೀಸಿಗೆ ರಜೆ ಹಾಕಿದ. ಯಾರ ಆರೋಗ್ಯ ಎಂದು ಅವರೂ ಕೇಳಲಿಲ್ಲ. ಎರಡನೆಯ ದಿನ ಮೂವತ್ತೊಂಬತ್ತು. ಮೂರನೆಯ ದಿನ ಒಂದು ಮೀನು ತಳದಲ್ಲಿ ಮಗ್ಗುಲಾಗಿ ಬಿತ್ತು. ಅವನು ಊಟದ ತಟ್ಟೆ ಬಿಟ್ಟು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಿವಿರು ಆಡುತ್ತಿದೆಯೋ, ತನ್ನ ಕಣ್ಣೇ ಆಡುತ್ತಿದೆಯೋ ಗೊತ್ತಾಗದು. ಬಕೆಟ್ ಪಕ್ಕದಲ್ಲೇ ಇತ್ತು. ಕೈ ಎರಡು ಬಾರಿ ಅತ್ತ ಹೋಗಿ ಬಂತು. ಸುರಿಯಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಾದು ನೋಡು ಎಂದರು ಅವರು. ಕಾದ. ಸಂಜೆಯ ಹೊತ್ತಿಗೆ ಮೀನು ಎದ್ದು, ಓಲಾಡುತ್ತ, ಜೋಡಿಯ ಪಕ್ಕ ಹೋಗಿ ನಿಂತಿತು.

ಐದನೆಯ ದಿನ ಅಳತೆ ಮೂವತ್ತೈದಕ್ಕೆ ಇಳಿಯಿತು. ಹವಳ ಅರ್ಧದಷ್ಟು ಬಿಚ್ಚಿತು, ಉಳಿದರ್ಧ ಸತ್ತಿತ್ತು. ಕಲ್ಲಿನ ಅಂಚುಗಳು ಬಿಳಿಯಾಗಿಯೇ ಉಳಿದವು.

ದೊಡ್ಡಮ್ಮ ಕಪ್ಪು ಕನ್ನಡಕದಲ್ಲಿ ಬಂದವರು ಚಪ್ಪಲಿ ಬಿಟ್ಟು ನೇರ ತೊಟ್ಟಿಯ ಹತ್ತಿರ ಹೋದರು. ಕನ್ನಡಕ ತೆಗೆದು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, ಒಂದೊಂದೇ ಕಲ್ಲನ್ನು ನೋಡಿದರು. ಗುಲಾಬಿ ಮತ್ತೆ ಹಬ್ಬಲು ಎಷ್ಟೋ ತಿಂಗಳು ಬೇಕು ಎಂದರು. ಮುಂದಿನ ತಿಂಗಳು ಇನ್ನೊಂದು ಕಣ್ಣಿನ ಸರದಿ. ಹುಷಾರಪ್ಪ ಕೇಳಿಯೇಬಿಟ್ಟ.

"ಇನ್ನು ನನ್ನ ನಂಬ್ತೀರಾ ದೊಡ್ಡಮ್ಮ?"

"ಇಲ್ಲ. ಮನೆ ಬೀಗದಕೈ ನಿನ್ನ ಹತ್ರಾನೇ ಇರ್ಲಿ. ಉಪ್ಪಿನ ಡಬ್ಬ ನನ್ನ ಜೊತೆ ಬರುತ್ತೆ."