ಮೇಲಿನ ಬಾಗಿಲುಗಳ ಎರ್ಸಿಲಿಯಾ

ಬೆಳಿಗ್ಗೆ ಹತ್ತು ನಲವತ್ತಕ್ಕೆ ಅಂಚೆಯ ಎರ್ಸಿಲಿಯಾ ಕಾಸ್ತೆಲ್ಲೆತ್ತೊ ಗುಡ್ಡದ ಮೇಲಿನ ರಸ್ತೆಯಲ್ಲಿ, ಕಟ್ಟೆಗೆ ಚೀಲ ಆನಿಸಿ, ಎಣ್ಣೆ ಸವರಿದ ಫೊಕಾಚ್ಚಾ ರೊಟ್ಟಿಯನ್ನು ಹಾಲು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ಕೆಳಗೆ ಜಿನೋವಾದ ಕಪ್ಪುಕಲ್ಲಿನ ಮಾಡುಗಳು, ಅವುಗಳಾಚೆ ಬಂದರು. ಎಲ್ಲರೂ ಬಂದರನ್ನು ನೋಡಿದರೆ ಅವಳು ಬಾಗಿಲುಗಳನ್ನು ನೋಡುತ್ತಿದ್ದಳು.

ಅವಳ ಕೆಲಸದ ರೀತಿಯೇ ಬೇರೆ. ಉಳಿದ ಅಂಚೆಯವರು ತಪ್ಪಲಿನಿಂದ ಮನೆ ನಂಬರಿನ ಪ್ರಕಾರ ಹತ್ತುತ್ತಿದ್ದರು. ಇವಳು ಗುಡ್ಡ ಹತ್ತಿಸುವ ಸಾರ್ವಜನಿಕ ಲಿಫ್ಟಿನಲ್ಲಿ ನೆತ್ತಿಗೆ ಬಂದು, ಇಳಿಯುತ್ತ ಕಾಗದ ಹಂಚುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಕಚೇರಿಯಲ್ಲಿ ಅವಳಿಗೆ "ತಲೆಕೆಳಗಿನ ಅಂಚೆ" ಎಂದೇ ಹೆಸರು.

ಆಗ ಕೆಳಗಿನ ಓಣಿಯಲ್ಲಿ ಆಂಬುಲೆನ್ಸ್ ನಿಂತಿತು. ಇಬ್ಬರು ಸ್ಟ್ರೆಚರ್ ಇಳಿಸಿದರು. ಆರನೇ ಮಹಡಿಯ ಕಿಟಕಿಯಲ್ಲಿ ಗಡಿಯಾರ ರಿಪೇರಿಯ ಅಗೊಸ್ತಿನೊನ ಹೆಂಡತಿ ಇಲ್ದಾ ಕೈ ಬೀಸುತ್ತ ಅಳುತ್ತಿದ್ದಳು. ಗಂಡನ ಎದೆ ಹಿಡಿದುಕೊಂಡಿತ್ತು. ಗಾಬರಿಯಲ್ಲಿ ಅವಳು ಫೋನಿನಲ್ಲಿ ಹೇಳಿದ್ದು ಕಾಗದಪತ್ರದಲ್ಲಿರುವ ವಿಳಾಸ, ಅಂದರೆ ಕೆಳಗಿನ ಓಣಿಯದು. ಆ ಕಟ್ಟಡಕ್ಕೆ ಲಿಫ್ಟಿಲ್ಲ. ನೂರ ಇಪ್ಪತ್ತು ಮೆಟ್ಟಿಲು, ತಿರುವಿನಲ್ಲಿ ಸ್ಟ್ರೆಚರ್ ಹೊರಳದು.

ಎರ್ಸಿಲಿಯಾ ಕಟ್ಟೆಗೆ ಬಗ್ಗಿ ಕೂಗಿದಳು: "ಹತ್ತಬೇಡ್ರಪ್ಪೋ! ಗಾಡಿ ಮೇಲಿನ ರಸ್ತೆಗೆ ತನ್ನಿ!"

"ಹತ್ತೋಕೆ ಬಂದವ್ರನ್ನ ಬೇಡ ಅಂತೀಯಲ್ಲ ತಾಯಿ, ಯಾರು ನೀನು?" ಚಾಲಕ ರುಜ್ಜೇರೊ ಬಯಲುಸೀಮೆಯವನು, ಬಂದು ತಿಂಗಳಾಗಿರಲಿಲ್ಲ.

"ಅಂಚೆಯವ್ಳು! ಆರನೇ ಮಹಡಿ ಬಾಗಿಲು ಇಲ್ಲಿದೆ, ಈ ರಸ್ತೆಗೇ!"

"ಸುತ್ತಿ ಬರೋಕೆ ನಾಲ್ಕು ನಿಮಿಷ. ಬಾಗಿಲಿಲ್ದೇ ಹೋದ್ರೆ ಆ ಮನುಷ್ಯ ಹೋಗ್ಬಿಡ್ತಾನೆ!"

"ಇಲ್ದೇ ಹೋದ್ರೆ ನನ್ನ ಬೆನ್ನ ಮೇಲೆ ಹೊತ್ತು ಇಳಿಸ್ತೀನಿ! ಬಾರೋ ಮಾರಾಯ, ಮಾತು ಸಾಕು!"

ರುಜ್ಜೇರೊ ಒಮ್ಮೆ ಮೆಟ್ಟಿಲ ಕತ್ತಲೆಯತ್ತ, ಒಮ್ಮೆ ಮೇಲಕ್ಕೆ ನೋಡಿ ಗಾಡಿ ಹತ್ತಿದ.

ಅಷ್ಟರಲ್ಲಿ ಎರ್ಸಿಲಿಯಾ ರಸ್ತೆಯಿಂದ, ಅದರ ಮಟ್ಟದಲ್ಲೇ ಇದ್ದ ಆರನೇ ಮಹಡಿಗೆ ಹೋಗುವ ಪುಟ್ಟ ಸೇತುವೆ ದಾಟಿ ಹಸಿರು ಬಾಗಿಲು ಬಡಿದಿದ್ದಳು. "ಇಲ್ದಕ್ಕಾ, ಅಗುಳಿ ತೆಗಿ! ಅಳೋದು ಆಮೇಲೆ!" ಹತ್ತು ನಲವತ್ತಾರಕ್ಕೆ ಸ್ಟ್ರೆಚರ್ ಒಳಹೋಯಿತು. ಹತ್ತು ಐವತ್ತಕ್ಕೆ ಅಗೊಸ್ತಿನೊ, ಒಂದು ಮೆಟ್ಟಿಲೂ ಇಲ್ಲದೆ, ಅಡ್ಡವಾಗಿಯೇ ಹೊರಬಂದ. ಬದುಕಿಕೊಂಡ. ಮೆಟ್ಟಿಲಲ್ಲಿ ಕುಲುಕಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯ ವೈದ್ಯೆ ಹೇಳಿದಳು.

ಮರುದಿನ ರುಜ್ಜೇರೊ ತನ್ನ ಮೇಲಧಿಕಾರಿಯನ್ನು ಕರೆದುಕೊಂಡು ಅಂಚೆ ಕಚೇರಿಗೆ ಬಂದ. ಕಾಗದ ವಿಂಗಡಿಸುತ್ತಿದ್ದವರು ತಲೆ ಎತ್ತಿದರು.

"ಅಮ್ಮಾ, ಮೇಲಿಂದ ಒಳಹೋಗೋ ಮನೆ ಇನ್ನೂ ಇದಾವಾ? ನಮ್ಮ ನಕ್ಷೇಲಿ ಒಂದೂ ಇಲ್ಲ," ಎಂದರು ಅಧಿಕಾರಿ.

"ಆ ತಲೆಕೆಳಗಿನವ್ಳನ್ನ ಕೇಳ್ಬೇಡಿ ಸಾರ್, ಲೆಕ್ಕ ಮುಗಿಯೋಕೆ ಸಂಜೆಯಾಗತ್ತೆ," ಎಂದ ಒಬ್ಬ ಹಳೆಯ ಅಂಚೆಯವನು. ಈ ಸಲ ಅವನ ನಗೆಯಲ್ಲಿ ಕೊಂಕು ಇರಲಿಲ್ಲ. ನಮ್ಮವಳು ಎಂಬ ಹೆಮ್ಮೆಯಿತ್ತು.

ಎರ್ಸಿಲಿಯಾ ಚೀಲ ಹೆಗಲಿಗೇರಿಸಿದಳು. ಯೋಚಿಸಲೂ ಇಲ್ಲ, ಬೆರಳು ಮಡಿಸಲೂ ಇಲ್ಲ.

"ನಲವತ್ಮೂರು."