ಮೀನ್ಬತ್ತಿ

ಮೊನ್ನೆ ನನ್ನ ಮಗಳು ಆನ್‌ಲೈನಿನಲ್ಲಿ ಒಂದು ಮೇಣದಬತ್ತಿ ತರಿಸಿದಳು. ಮೇಣದಬತ್ತಿ ಎಂದರೆ ನೀವು ಅಂದುಕೊಂಡ ಹಾಗೆ ಕರೆಂಟು ಹೋದಾಗ ತಡಕಾಡಿ ಹುಡುಕಿ, ಸಿಕ್ಕಿತು ಅನ್ನುವಷ್ಟರಲ್ಲಿ ಕರೆಂಟು ಬಂದು ನಮ್ಮನ್ನು ಪೆಚ್ಚು ಮಾಡುವಂಥದ್ದಲ್ಲ. ಗಾಜಿನ ಲೋಟದೊಳಗೆ ತಿಳಿನೀಲಿ ಮೇಣ, ಮೇಲೊಂದು ಮರದ ಮುಚ್ಚಳ. ಹೊತ್ತಿಸಿದರೆ ಮನೆಯೊಳಗೆ ಸಮುದ್ರದ ಪರಿಮಳ ತುಂಬುತ್ತದೆ ಎಂದು ಹೊರಗಿನ ಚೀಟಿಯಲ್ಲಿ ಬರೆದಿತ್ತು. ಬ್ರಹ್ಮಾವರದ ನಮ್ಮ ಮನೆಗೆ ಸಮುದ್ರವೇನು ದೂರವಲ್ಲ. ಪಡುವಣ ಗಾಳಿ ಬೀಸಿದ ದಿನ ಒಣಮೀನಿನ ಸಮೇತ ಅದು ತಾನಾಗಿಯೇ ಕಿಟಕಿಯೊಳಗೆ ಬರುತ್ತದೆ. ಆದರೂ ಮಗಳು ಬತ್ತಿ ಹೊತ್ತಿಸಿದಳು. ಅಮ್ಮನ ಆರೈಕೆಗೆಂದು ಮುಂಬಯಿಯಿಂದ ಬಂದು, ಅಮ್ಮ ತೀರಿಕೊಂಡ ಮೇಲೂ ವರ್ಷಾಂತಿಕದವರೆಗೆ ನಮ್ಮಲ್ಲೇ ಉಳಿದಿದ್ದ ನನ್ನ ಅಕ್ಕ ಬಾಗಿ ಮೂಸಿದಳು.

"ಹ್ಯಾಂಗಿತ್ ಅತ್ತೆ? ಸಮುದ್ರದ್ ಪರಿಮಳ ಅಂಬ್ರ್," ಎಂದಳು ಮಗಳು.

"ಸಮುದ್ರ ಸಾಬೂನ್ ಹಾಯ್ಕಂಡ್ ಮಿಂದಂಗಿತ್ತ್ ಮಾರಾಯ್ತಿ."

ಮಗಳು ಬಿದ್ದು ಬಿದ್ದು ನಕ್ಕಳು. ನಾನು ನಗಲು ಹೊರಟು ನಿಂತೆ. ನಿಜವಾಗಿ ಸಮುದ್ರದ ವಾಸನೆ ಬರುವ ಮೇಣದಬತ್ತಿ ಬಹಳ ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ತಯಾರಾಗಿತ್ತು. ಮಾಡಿದವಳು ಇದೇ ಅಕ್ಕ. ಅದು ಮಗಳಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ.

ಮುಂದೆ ಹೇಳುವುದನ್ನು ನೀವು ಪೂರ್ತಿ ನಂಬಬೇಕಾಗಿಲ್ಲ. ನಾನು ಓದಿದ್ದು ಇತಿಹಾಸ, ಈಗ ಕಾಲೇಜಿನಲ್ಲಿ ಹೇಳಿಕೊಡುವುದೂ ಅದನ್ನೇ. ಒಬ್ಬನೇ ಸಾಕ್ಷಿ ಇದ್ದರೆ ಅನುಮಾನಿಸು, ಸಾಕ್ಷಿ ನೀನೇ ಆಗಿದ್ದರೆ ಇನ್ನೂ ಹೆಚ್ಚು ಅನುಮಾನಿಸು ಎಂದು ನಮಗೆ ಕಲಿಸಿದ್ದರು. ಈ ಚಟ ತರಗತಿಯಲ್ಲಿ ಚೆಂದ. ಮನೆಯಲ್ಲಿ ಇದರಿಂದ ನೆಮ್ಮದಿ ಕೆಡುತ್ತದೆ. ನಮ್ಮ ಮದುವೆಯ ದಿನ ಸಾರಿಗೆ ಉಪ್ಪು ಕಮ್ಮಿಯಾಗಿತ್ತೋ ಇಲ್ಲವೋ ಎಂಬ ವಿಷಯದಲ್ಲಿ ನನ್ನ ಹೆಂಡತಿ ನನ್ನೊಡನೆ ಚರ್ಚೆಯನ್ನೇ ಬಿಟ್ಟುಬಿಟ್ಟಿದ್ದಾಳೆ.

ಆಗ ನಮ್ಮ ಮನೆ ಕೋಟೇಶ್ವರದ ಪಡುದಿಕ್ಕಿಗೆ, ಸಮುದ್ರದ ಕರೆಯಲ್ಲಿತ್ತು. ಅಪ್ಪ ಇರಲಿಲ್ಲ. ಅಪ್ಪನ ಸಣ್ಣ ದೋಣಿ ಅಂಗಳದಲ್ಲಿ ತೆಂಗಿನ ಮಡಲು ಹೊದ್ದುಕೊಂಡು ಮಗುಚಿ ಬಿದ್ದಿತ್ತು. ಅದನ್ನು ನೀರಿಗಿಳಿಸುವವರು ಯಾರೂ ಇಲ್ಲದಿದ್ದರೂ ಅಮ್ಮ ಪ್ರತಿ ಮಳೆಗಾಲಕ್ಕೆ ಮುಂಚೆ ಅದಕ್ಕೆ ಮೀನೆಣ್ಣೆ ಬಳಿಯುತ್ತಿದ್ದಳು. ಬೈಗೆ ಮೀನನ್ನು ಬೇಯಿಸಿ ತೆಗೆದ ಎಣ್ಣೆ ಅದು. ಬಳಿದರೆ ಮರ ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಅದರ ಡಬ್ಬಿ ವರ್ಷವಿಡೀ ಜಗಲಿಯ ಮೂಲೆಯಲ್ಲಿರುತ್ತಿತ್ತು. ಅಮ್ಮ ಬುಟ್ಟಿ ಹೊತ್ತು ಊರೂರಿಗೆ ಮೀನು ಮಾರಿ ನನ್ನನ್ನು ಓದಿಸಿದಳು.

ಅಕ್ಕನನ್ನು ಮುಂಬಯಿಗೆ ಕೊಟ್ಟಿದ್ದರು. ಭಾವ ಅಲ್ಲಿ ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ. ಚಿಕ್ಕಪ್ಪನ ಮಗಳ ಮದುವೆಗೆಂದು ಊರಿಗೆ ಬಂದ ಅಕ್ಕ ಮದುವೆ ಮುಗಿದ ಮೇಲೂ ಹೊರಡಲಿಲ್ಲ. ಅವಳ ಮೊಣಕೈಯ ಮೇಲೆ ಒಂದು ಸುಟ್ಟ ಕಲೆ ಇತ್ತು. ಕೇಳಿದವರಿಗೆ ಎಣ್ಣೆ ಹಾರಿದ್ದು ಎನ್ನುತ್ತಿದ್ದಳು. ಅಮ್ಮ ಕೇಳಲಿಲ್ಲ. ಕೇಳದಿದ್ದುದರಿಂದಲೇ ಅವಳಿಗೆ ಎಲ್ಲ ತಿಳಿದಿತ್ತು ಎಂದು ನಾನು ಊಹಿಸುತ್ತೇನೆ. ಮೀನು ಕೊಳ್ಳುವ ಮನೆಗಳಲ್ಲಿ ಹೆಂಗಸರು ಚೌಕಾಸಿಯ ನಡುವೆ ಅಮ್ಮನನ್ನು ಕೇಳುತ್ತಿದ್ದರು, "ಎಂತ, ಮಗ್ಳ್ ಇನ್ನೂ ಹೋಯ್ಲಿಲ್ಯಾ?" ಅಮ್ಮ ಬಂಗಡೆಯ ಕಿವಿರು ಎತ್ತಿ ತೋರಿಸುತ್ತ ಆ ಮಾತನ್ನು ಹಾರಿಸುತ್ತಿದ್ದಳಂತೆ. ಎಷ್ಟು ದಿನ ಹಾರಿಸಲು ಸಾಧ್ಯ?

ಆಗ ಬಂದದ್ದು ಮಿಶನ್ನು.

ಬೈಂದೂರಿನಲ್ಲಿ ಯಾರೋ ಮೇಣದಬತ್ತಿ ಮಾಡುವ ಕಸುಬು ಶುರುಮಾಡಿ, ಬೇಸತ್ತು, ಅದರ ಯಂತ್ರವನ್ನು ಮಾರಲು ಇಟ್ಟಿದ್ದರಂತೆ. ಅಕ್ಕ ತನ್ನ ಬಳೆ ಕೊಟ್ಟು ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದಳು. ಮಿಶನ್ ಎಂಬ ಹೆಸರು ಕೇಳಿ ನೋಡಲು ಬಂದ ನೆರೆಕರೆಯವರಿಗೆ ನಿರಾಸೆಯಾಯಿತು. ಅದು ಅಲ್ಯೂಮಿನಿಯಮಿನ ಒಂದು ಭಾರದ ಅಚ್ಚು, ಅಷ್ಟೆ. ಪುಸ್ತಕದ ಹಾಗೆ ಎರಡು ಹೋಳಾಗಿ ತೆರೆಯುತ್ತಿತ್ತು. ಒಳಗೆ ಸಾಲಾಗಿ ಬತ್ತಿಯಾಕಾರದ ತೋಡುಗಳು. ಪ್ರತಿ ತೋಡಿನ ನಡುವೆ ದಾರ ಎಳೆದು ಕಟ್ಟಿ, ಎರಡು ಹೋಳನ್ನೂ ಮುಚ್ಚಿ, ತಿರುಪು ಬಿಗಿದು, ಮೇಲಿನ ದೋಣಿಯಂಥ ಬಾಯಿಗೆ ಕರಗಿದ ಮೇಣ ಹೊಯ್ಯಬೇಕು. ನೀರಿನ ಬಾನಿಯಲ್ಲಿ ಇಳಿಸಿ ತಣಿಸಬೇಕು. ಆಮೇಲೆ ತಿರುಪು ಸಡಿಲಿಸಿ ತೆರೆದರೆ ಒಳಗೆ ಬಿಳಿಯ ಬತ್ತಿಗಳು ಮಲಗಿರುತ್ತವೆ.

"ಇದೆಂತ ಮಿಶನ್ ಹೆಣೆ, ಚಕ್ರವೇ ಇಲ್ಯಲೆ!" ಅಂದಳಂತೆ ಅಮ್ಮ.

"ಚಕ್ರ ಇಲ್ದಿರೆ ಎಂತಾಯ್ತ್? ನಾ ಇಲ್ಲೇ ಕೂಕಂಬ್ಕೆ ತಂದದ್ದ್, ಓಡುಕಲ್ಲ," ಅಂದಳಂತೆ ಅಕ್ಕ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಅಮ್ಮ ಬುಟ್ಟಿ ಕೆಳಗಿಟ್ಟು ಗಂಭೀರವಾಗಿ ಹೇಳಿದಳು: "ಈ ಮಳ್ಗಾಲ ಒಂದ್ ಕಾಂಬ. ನಿನ್ ಮಿಶನ್ ನಡದ್ರೆ ಇಲ್ಲೇ ಇರ್, ಯಾರ್ ಎಂತ ಹೇಳಿರೂ ನಾ ಕಾಂತೆ. ನಡೀದಿದ್ರೆ ಚೌತಿ ಕಳದ್ ಮೇಲೆ ಬಸ್ ಹತ್ತುದೆ."

ಅಕ್ಕ ತಲೆಯಾಡಿಸಿದಳು. ಅಂದರೆ ಆ ಅಚ್ಚಿನೊಳಗೆ ಅವಳು ಹೊಯ್ಯುತ್ತಿದ್ದುದು ಬರೀ ಮೇಣವಲ್ಲ, ಊರಿನಲ್ಲಿ ಉಳಿಯುವ ತನ್ನ ಹಕ್ಕನ್ನು. ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತಲ್ಲ. ಮೋಡ ಗುಡುಗುವ ಮೊದಲೇ, ಬರೀ ಕಪ್ಪಾದರೆ ಸಾಕು, ಕರೆಂಟು ಹೋಗುತ್ತಿದ್ದ ಕಾಲ ಅದು. ಅಕ್ಕನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ.

ಮೊದಮೊದಲು ಬತ್ತಿಗಳು ಅಚ್ಚಿಗೆ ಅಂಟಿ ತುಂಡಾಗಿ ಬಂದವು. ತೋಡುಗಳಿಗೆ ಎಣ್ಣೆ ಸವರಬೇಕು ಎಂದು ಯಾರೋ ಹೇಳಿದರು. ತೆಂಗಿನೆಣ್ಣೆ ಸವರಿದಳು. ಕೆಲವು ಚೆನ್ನಾಗಿ ಬಂದವು, ಕೆಲವು ಆಗಲೂ ಅಂಟಿದವು. ಒಂದು ದಿನ ಅಕ್ಕ ಮೇಣ ತರಲು ಬ್ರಹ್ಮಾವರಕ್ಕೆ ಹೋಗಿದ್ದಾಗ, ತೆಂಗಿನೆಣ್ಣೆ ಮುಗಿದಿತ್ತು ಎಂದು ಅಮ್ಮ ಜಗಲಿಯ ಡಬ್ಬಿಯಿಂದ ಮೀನೆಣ್ಣೆ ತೆಗೆದು ಅಚ್ಚಿಗೆ ಧಾರಾಳವಾಗಿ ಬಳಿದಳು. ಸಂಜೆ ಅಕ್ಕ ಮೇಣ ಹೊಯ್ದು ತೆರೆದಾಗ ಬತ್ತಿಗಳು ಕೈಯಿಂದ ಜಾರುವ ಮೀನಿನ ಹಾಗೆ ಪುಳಕ್ಕನೆ ಹೊರಬಂದವು. ಒಂದೂ ತುಂಡಾಗಲಿಲ್ಲ. ಅಂದಿನಿಂದ ಮೀನೆಣ್ಣೆಯೇ ಕಾಯಂ ಆಯಿತು. ಅಂಗಡಿಗಳವರು ಕೊಂಡರು. ಕುಂದಾಪುರದಿಂದಲೂ ಬೇಡಿಕೆ ಬಂತು. ಅಕ್ಕ ನನಗೆ ಮೈಸೂರಿನ ಹಾಸ್ಟೆಲಿಗೆ ಒಂದು ಕಟ್ಟು ಬತ್ತಿ ಕಳಿಸುತ್ತೇನೆ ಎಂದು ಹೇಳಿಕಳಿಸಿದ್ದಳು. ಅದು ಬರಲಿಲ್ಲ.

ಬಾರದ್ದಕ್ಕೆ ಕಾರಣವಿತ್ತು. ಕ್ರೈಸ್ತರ ತೆನೆಹಬ್ಬಕ್ಕೆ ಮುಂಚಿನ ಪ್ರಾರ್ಥನೆಯ ದಿನಗಳಿಗೆಂದು ಪಕ್ಕದ ಊರಿನ ಇಗರ್ಜಿಯವರು ಬತ್ತಿ ಬೇಕೆಂದಿದ್ದರು. ವ್ಯವಸ್ಥೆ ಮಾಡಿಸಿದವರು ಲಿಲ್ಲಿ ಬಾಯಿ, ಅಮ್ಮನ ಹಳೆಯ ಮೀನಿನ ಗಿರಾಕಿ, ಅಕ್ಕನ ಮೇಲೆ ಪ್ರೀತಿಯಿದ್ದವರು. ಮನೆಗಳಲ್ಲಿ ಒಂದೊಂದಾಗಿ ಉರಿಯುವ ಬತ್ತಿಗಳನ್ನು ಅಲ್ಲಿ ಮೊದಲ ಸಂಜೆಯೇ ಸಾಲುಸಾಲಾಗಿ ಒಟ್ಟಿಗೆ ಹೊತ್ತಿಸಿದರು. ಸ್ವಲ್ಪ ಹೊತ್ತಿಗೆ ಬೆಂಚುಗಳಲ್ಲಿ ಕುಳಿತವರು ಒಬ್ಬರನ್ನೊಬ್ಬರು ನೋಡತೊಡಗಿದರು. ಮಾರನೆಯ ದಿನ ಲಿಲ್ಲಿ ಬಾಯಿ ಉಳಿದ ಬತ್ತಿಗಳ ಚೀಲದೊಂದಿಗೆ ನಮ್ಮ ಮನೆಗೆ ಬಂದರು.

"ಬೇಜಾರ್ ಮಾಡ್ಕಣ್ಬೇಡ ಹೆಣೆ. ನಿನ್ ಕ್ಯಾಂಡಲ್ ಹೊತ್ಸಿರೆ ಪ್ರಾರ್ಥನಿ ಮಾಡುಕೆ ಬಂದರಿಗೆಲ್ಲ ಹಸಿವ್ ಆತ್ತ್. ಬಂಗ್ಡಿ ಹುರ್ದಂಗೆ ವಾಸನಿ!"

ಮನೆಯವರು ಒಂದು ಬತ್ತಿ ಹೊತ್ತಿಸಿ ನೋಡಿದರು. ಅಮ್ಮ ಮೂಸಿದಳು, ಅಕ್ಕ ಮೂಸಿದಳು, ಹೊಗೆಯನ್ನು ಕೈಯಿಂದ ಮುಖಕ್ಕೆ ಎಳೆದುಕೊಂಡು ನಾನೂ ಮೂಸಿದೆ. "ಎಂತ ವಾಸನಿಯೂ ಇಲ್ಯಲೆ!" ಎಂದೆವು. ಲಿಲ್ಲಿ ಬಾಯಿ ಸೆರಗು ಮೂಗಿಗೆ ಹಿಡಿದುಕೊಂಡು ಪಾಪ ಎಂಬಂತೆ ನಮ್ಮನ್ನು ನೋಡಿದರು. ಮೀನು, ಮೀನಿನ ಬುಟ್ಟಿ, ಮೀನೆಣ್ಣೆ ಕುಡಿದ ದೋಣಿ, ಇವುಗಳ ನಡುವೆ ಹುಟ್ಟಿ ಬೆಳೆದ ಮೂಗುಗಳು. ಅವಕ್ಕೆ ಅದು ವಾಸನೆಯೇ ಅಲ್ಲ, ಗಾಳಿ.

ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತಿದೆ. ಹೊಗೆ ಕಣ್ಣಿಗೆ ಹೋಗಿ ಉರಿದದ್ದೂ ನೆನಪಿದೆ. ಆದರೆ ನಾನು ಅಲ್ಲಿರಲಿಲ್ಲ! ಆ ಮಳೆಗಾಲ ನಾನು ಮೈಸೂರಿನಲ್ಲಿದ್ದೆ. ಚೌತಿಗೆ ಊರಿಗೆ ಬಂದಾಗ ಎಲ್ಲ ಮುಗಿದಿತ್ತು. ಯಾರೋ ಹೇಳಿದ್ದನ್ನು ಕೇಳಿ, ಕೇಳಿದ್ದರೊಳಗೆ ನನಗೊಂದು ಜಾಗ ಮಾಡಿಕೊಂಡು ಕುಳಿತಿದ್ದೇನೆ. ಹಾಗಾಗಿ ನಂಬಬೇಡಿ ಎಂದದ್ದು.

ಚೌತಿಗೆ ಬಂದಾಗ ನಾನು ಸ್ವತಃ ಕೇಳಿದ್ದು ಒಂದೇ ಮಾತು, ಅದೂ ಬಸ್ಸಿಳಿದ ತಕ್ಷಣ ಕೋಟೇಶ್ವರದ ಅಂಗಡಿಯ ಮುಂದೆ. ಬೀಡಿ ಸೇದುತ್ತ ಕೂತಿದ್ದವನೊಬ್ಬ ಕೂಗಿದ, "ಹ್ವಾಯ್, ಮನೆಯಗೆ ಮೀನ್ಬತ್ತಿ ಇತ್ತಾ? ಒಂದ್ ಕೊಡಿ, ಗಂಜಿಗೆ ನೆಂಚ್ಕಂಬ್ಕೆ!" ಮೇಣ್ಬತ್ತಿ ಮೀನ್ಬತ್ತಿ ಆಗಿತ್ತು. ನಮ್ಮೂರಿನ ಬಾಯಿಗೆ ಅಷ್ಟು ಸಾಕು. ಅಕ್ಕ ಅಚ್ಚನ್ನು ಸೋಡಾ ಹಾಕಿ ಕುದಿಸಿದ್ದಳು, ಹುಣಸೆಹುಳಿ ಹಾಕಿ ತಿಕ್ಕಿದ್ದಳು, ಮತ್ತೆ ತೆಂಗಿನೆಣ್ಣೆಯಿಂದಲೇ ಬತ್ತಿ ಮಾಡಿದ್ದಳು. ಆ ಬತ್ತಿಗಳಲ್ಲಿ ವಾಸನೆ ಇತ್ತೋ ಇಲ್ಲವೋ ಯಾರಿಗೂ ಬೇಕಾಗಿರಲಿಲ್ಲ. ಹೆಸರಿಗೇ ವಾಸನೆ ಹತ್ತಿತ್ತು. ಅಂಗಡಿಯವರು ನಗುತ್ತಲೇ ವಾಪಸು ಕೊಟ್ಟರು.

ಮಾತಿನ ಪ್ರಕಾರ ಅಕ್ಕ ಬಸ್ಸು ಹತ್ತಿದಳು. ಮುಂಬಯಿಯಲ್ಲಿ ಅವಳಿಗೆ ಒಬ್ಬ ಮಗ ಹುಟ್ಟಿದ. ಭಾವನ ಕೈ ಸುಮ್ಮನಾದದ್ದು ಅವನೇ ಹಾಸಿಗೆ ಹಿಡಿದ ಮೇಲೆ. ಅವಳ ಇನ್ನೊಂದು ಕೈಯಲ್ಲೂ ಈಗ ಕಲೆಗಳಿವೆ. ಎಣ್ಣೆ ಹಾರಿದ್ದು ಎನ್ನುವುದನ್ನು ಅವಳು ನಿಲ್ಲಿಸಿದ್ದಾಳೆ, ಕೇಳುವವರೂ ನಿಲ್ಲಿಸಿದ್ದಾರೆ. ಮಿಶನ್ ಗುಜರಿಗೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು.

ಮೀನೆಣ್ಣೆಯ ವಿಷಯ ಬಂದಾಗ ಅಮ್ಮನದು ಒಂದೇ ಮಾತು: "ನಂಗೆಂತ ಗೊತ್ತಿತ್ತ್? ಜಾರತ್ತ್ ಅಂದ್ಕಂಡ್ ಹಚ್ದೆ." ನಾನು ಬಹಳ ವರ್ಷ ಅದನ್ನು ಒಪ್ಪಿಕೊಂಡಿದ್ದೆ. ಆಮೇಲೊಂದು ದಿನ, ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲಿ, ಖಾಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿದಳು. ಮುಂದಿನ ಸೀಟಿನವರು ಮುಖ ಕಿಟಕಿಗೆ ತಿರುಗಿಸಿದರು. ಅವಳು ಯಾರೂ ಹೇಳದೆ ಸೀದಾ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತಳು. ಅಮ್ಮನೂ ಹಾಗೆಯೇ ನಿಲ್ಲುತ್ತಿದ್ದಳು. ನನ್ನ ಶಾಲೆಗೆ ಬರುವ ದಿನ ಕೈಗೆ ನಿಂಬೆಹಣ್ಣು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಮೀನಿನ ವಾಸನೆ ತನ್ನ ಮೂಗಿಗೆ ಬಾರದಿದ್ದರೂ ಲೋಕದ ಮೂಗಿಗೆ ಬರುತ್ತದೆ ಎಂಬುದನ್ನು ಅಮ್ಮನಷ್ಟು ತಿಳಿದವರು ಯಾರು? ಹಾಗಿದ್ದ ಮೇಲೆ ಊರಿನ ಮನೆಮನೆಗೆ ಹೋಗುವ ಬತ್ತಿಯ ಅಚ್ಚಿಗೆ ಅವಳು ಅದನ್ನೇ ಬಳಿದದ್ದು ಯಾಕೆ? ಮರೆತಳೇ? ಅಥವಾ ಮಿಶನ್ ನಡೆಯುವುದು ಅವಳಿಗೆ ಬೇಕಾಗಿರಲಿಲ್ಲವೇ?

ಈ ಅನುಮಾನ ಬಂದ ಮೇಲೆ ಅಮ್ಮನ ಮುಖ ನೋಡುವುದು ಕಷ್ಟವಾಯಿತು. ಅಮ್ಮ ಕೊನೆಗಾಲದಲ್ಲಿ ನಮ್ಮಲ್ಲೇ ಇದ್ದಳು. ಮಲಗಿದಲ್ಲೇ ಆದಾಗ ಅಕ್ಕ ಮುಂಬಯಿಯಿಂದ ಬಂದು ಅವಳ ಮೈ ಒರೆಸಿದಳು, ಬಟ್ಟೆ ಒಗೆದಳು, ಗಂಜಿ ಕುಡಿಸಿದಳು. ಅವರಿಬ್ಬರೂ ಗುಸುಗುಸು ಮಾತಾಡಿ ನಗುವುದು ನನಗೆ ಪಕ್ಕದ ಕೋಣೆಗೆ ಕೇಳುತ್ತಿತ್ತು. ಒಂದು ದಿನವಾದರೂ ಈ ಮಾತು ಬಂದಿರಬೇಕು ಎಂದುಕೊಂಡಿದ್ದೆ.

ಮಗಳು ಆ ನೀಲಿ ಬತ್ತಿ ಹೊತ್ತಿಸಿದ ದಿನ ವರ್ಷಾಂತಿಕ ಮುಗಿದು ವಾರವಾಗಿತ್ತು. ಮಾರನೆಯ ದಿನ ಬಾರ್ಕೂರಿನಿಂದ ಅಕ್ಕನಿಗೆ ಮುಂಬಯಿ ರೈಲು. ಟಿಕೆಟ್ಟನ್ನು ಅವಳ ಮಗ ಕಳಿಸಿದ್ದ. ಮಗಳು ಟ್ಯೂಶನ್ನಿಗೆ ಹೋದ ಮೇಲೆ ಅಕ್ಕ ಬ್ಯಾಗಿಗೆ ಬಟ್ಟೆ ತುಂಬುತ್ತ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ.

"ಅಕ್ಕಾ, ಆ ಮೀನೆಣ್ಣೆ... ಅಮ್ಮ ಗೊತ್ತಿದ್ದೇ ಹಚ್ಚಿದ್ದಾ?"

ಅವಳು ಮಡಚುತ್ತಿದ್ದ ಸೀರೆಯಿಂದ ಕಣ್ಣೆತ್ತಲಿಲ್ಲ. "ಕಾಲೇಜಗೆ ಮಕ್ಳಿಗೂ ಹೀಂಗೇ ಪ್ರಶ್ನಿ ಕೇಂತ್ಯಾ ನೀ?"

"ನೀ ಅವ್ಳ್ ಹತ್ರ ಕೇಂಡಿದ್ಯಾ?"

"ಇಲ್ಲೆ."

"ಎಂತಕೆ? ಇಷ್ಟ್ ದಿನ ಹತ್ರವೇ ಇದ್ದಿದ್ದೆ."

"ಹತ್ರ ಇದ್ದದ್ಕೇ ಕೇಂಬ್ಲಿಲ್ಲೆ. ಅಮ್ಮ ಹೌದ್ ಅಂದಿದ್ರೆ? ಮಾರ್ನೆ ದಿನ ಅವ್ಳ್ ಉಚ್ಚಿ ಬಟ್ಟಿ ಒಗುಕೆ ನಂಗ್ ಕೈ ಬರ್ತಿತ್ತಾ?"

"ಅಲ್ಲ ಅಂದಿದ್ರೆ?"

"ಅಲ್ಲ ಅಂದ್ರೆ ನಂಬ್ಬೇಕಲೆ." ಅವಳು ಸೀರೆಯನ್ನು ಬ್ಯಾಗಿನೊಳಗೆ ಒತ್ತಿದಳು. "ನಂಬುಕೆ ಆಗ್ದಿದ್ರೆ ಎಂತ ಮಾಡುದ್?"

ನಾನು ಇಷ್ಟು ವರ್ಷ ಮೂಸುತ್ತ ತಿರುಗಿದ ಅನುಮಾನವನ್ನು ಅವಳು ನನಗಿಂತ ಎಷ್ಟೋ ಮೊದಲೇ ಕಂಡಿದ್ದಳು, ಕಂಡು ಅದರ ಪಕ್ಕದಲ್ಲೇ ಕುಳಿತು ಅಮ್ಮನಿಗೆ ಗಂಜಿ ಕುಡಿಸಿದ್ದಳು. ನನಗೆ ಏನಾದರೂ ಹೇಳಬೇಕೆನಿಸಿತು.

"ಹೋಪುದ್ ಬ್ಯಾಡ ಅಕ್ಕಾ. ಇಲ್ಲೇ ಇರ್."

ಅಕ್ಕ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾರದೋ ಮಗು ಮೊದಲ ಮಾತು ಆಡಿದಾಗ ನೋಡುವ ಹಾಗೆ ನೋಡಿದಳು.

"ಈಗ್ಳಾ?" ಎಂದಳು. ಆಮೇಲೆ ಬ್ಯಾಗನ್ನು ನನ್ನ ಕಡೆ ದೂಡಿದಳು. "ಜಿಪ್ ಎಳಿ ಕಾಂಬ. ನನ್ ಕೈಯಗೆ ಆತಿಲ್ಲೆ."

ನಾನು ಮೊಣಕಾಲೂರಿ ಕುಳಿತು, ಒಂದು ಕೈಯಲ್ಲಿ ಬ್ಯಾಗಿನ ಬಾಯಿಯನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಜಿಪ್ ಎಳೆದೆ. ಇದು ಮೊನ್ನೆಯದು. ಇದರಲ್ಲಿ ನೆನಪಿನ ತಪ್ಪೇನೂ ಇಲ್ಲ.