ಗಿರಿಗಿಟ್ಲೆಯ ವರ್ಷದ ಫೋಟೋ

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಗಿರಿಗಿಟ್ಲೆ ಎನ್ನುತ್ತಾರೆ. ಆ ಹೆಸರು ಇಟ್ಟವರು ನನ್ನ ಮಾವ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದವು. ಊಟಕ್ಕೆ ಕೂತರೆ ಒಂದು ತುತ್ತು ತಟ್ಟೆಯ ಮುಂದೆ, ಇನ್ನೊಂದು ತುತ್ತು ಕಿಟಕಿಯ ಹತ್ತಿರ. ಓದುವುದು ಓಡಾಡಿಕೊಂಡು. ಹಲ್ಲುಜ್ಜುತ್ತಾ ಮೆಟ್ಟಿಲು ಹತ್ತಿ ಇಳಿದು, ಪೇಸ್ಟಿನ ನೊರೆಯನ್ನು ಉದ್ದಕ್ಕೂ ಚೆಲ್ಲುವುದು. ಒರೆಸುವವಳು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅತ್ತೆ ಬೈಯುತ್ತಿದ್ದರು. ಬೈಯುವಾಗಲೂ ಅವರ ತುಟಿಯಲ್ಲಿ ನಗು ಇರುತ್ತಿತ್ತು. ಒರೆಸುವ ಬಟ್ಟೆ ನನ್ನ ಕೈಯಲ್ಲಿದ್ದದ್ದರಿಂದ ನನಗೆ ಅಷ್ಟು ನಗು ಬರುತ್ತಿರಲಿಲ್ಲ.

ಇಂಥವಳು ಹುಟ್ಟಿದ್ದಾದರೂ ಎಲ್ಲಿ? ಫೋಟೋ ಸ್ಟುಡಿಯೋ ಇಟ್ಟವರ ಮನೆಯಲ್ಲಿ. ‘ಅಲ್ಲಾಡಬೇಡಿ’ ಎಂದು ಹೇಳಿಕೊಂಡೇ ಎರಡು ತಲೆಮಾರು ಹೊಟ್ಟೆ ಹೊರೆದ ಮನೆ ಇದು. ಕೆಳಗೆ ಅಂಗಡಿ, ಮೇಲೆ ಸಂಸಾರ. ಮುಂದೆ ಕೌಂಟರು, ಅದರ ಹಿಂದೆ ಫೋಟೋ ತೆಗೆಯುವ ಕೋಣೆ, ಅದರ ಹಿಂದಿನ ಇಕ್ಕಟ್ಟಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು. ನನ್ನ ಗಂಡ ತೆಗೆದ ಮುಖಗಳ ಮೊಡವೆ ಅಳಿಸುವುದು, ಕೆದರಿದ ಕೂದಲು ಕೂರಿಸುವುದು, ಕೇಳಿದವರಿಗೆ ಗಲ್ಲ ಸ್ವಲ್ಪ ಇಳಿಸಿಕೊಡುವುದು ನನ್ನ ಕೆಲಸ.

ಮಾವನ ಕಾಲದಿಂದ ನಮ್ಮಲ್ಲಿ ‘ವರ್ಷದ ಫೋಟೋ’ ಅಂತ ಒಂದು ಪದ್ಧತಿ. ಗಿರಾಕಿಗಳು ಮಕ್ಕಳನ್ನು ಕರೆದುಕೊಂಡು ವರ್ಷಕ್ಕೊಮ್ಮೆ ಬರುತ್ತಾರೆ. ಅದೇ ಬೂದು ಪರದೆ, ಅದೇ ಸ್ಟೂಲು. ಸ್ಟೂಲಿನ ಕಾಲು ಎಲ್ಲಿ ಕೂರಬೇಕು ಎಂಬುದಕ್ಕೆ ನೆಲದಲ್ಲಿ ಹಿತ್ತಾಳೆಯ ಮೊಳೆ ಹೊಡೆದಿದೆ, ಕ್ಯಾಮೆರಾದ ಕಾಲುಗಳಿಗೂ ಹಾಗೇ. ಏನೂ ಬದಲಾಗಬಾರದು, ಮಗು ಒಂದನ್ನು ಬಿಟ್ಟು. ಫೋಟೋಗಳನ್ನು ಸಾಲಾಗಿ ಜೋಡಿಸಿದರೆ ಮಡಿಲ ಕೂಸು ಸ್ಟೂಲು ಹಿಡಿದು ನಿಲ್ಲುತ್ತದೆ, ಮುಂದಿನದರಲ್ಲಿ ಹಲ್ಲು ಬೀಳುತ್ತದೆ, ಹೋಗ್ತಾ ಹೋಗ್ತಾ ಮೀಸೆ ಬರುತ್ತದೆ. ಫ್ಲಾಶ್ ಬಳಸಿದರೆ ಮುಖ ಗೋಡೆಯ ಹಾಗೆ ಆಗುತ್ತದೆ ಎಂದು ನನ್ನ ಗಂಡ ಇವತ್ತಿಗೂ ಅಪ್ಪನ ಹಳೆಯ ಹಳದಿ ದೀಪಗಳನ್ನೇ ಹಚ್ಚುತ್ತಾರೆ. ಆ ಮಂದ ಬೆಳಕಿಗೆ ಕ್ಯಾಮೆರಾ ಸ್ವಲ್ಪ ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಅಲ್ಲಾಡಿದರೆ ಮುಖ ಕಲಸಿಹೋಗುತ್ತದೆ. ಗಿರಿಗಿಟ್ಲೆಯ ಸಾಲಿನಲ್ಲಿ ಎಲ್ಲವೂ ಕಲಸಿಹೋದವೇ. ಸ್ವಂತ ತಂಗಿಯ ಒಂದು ನೆಟ್ಟಗಿನ ಫೋಟೋ ಇಲ್ಲದ ಫೋಟೋಗ್ರಾಫರ್ ಎಂದು ನಾನು ಗಂಡನನ್ನು ರೇಗಿಸುತ್ತಿದ್ದೆ.

ಕಾಲೇಜು ಮುಗಿದ ವಾರವೇ ಅವಳು ಊಟದ ಹೊತ್ತಿಗೆ ಬಾಂಬು ಹಾಕಿದಳು. ಓದಿಗೂ ಕೆಲಸಕ್ಕೂ ನಡುವೆ ಒಂದು ವರ್ಷ ಖಾಲಿ ಇಟ್ಟುಕೊಳ್ಳುತ್ತಾಳಂತೆ. ಬೇರೆ ದೇಶಕ್ಕೆ ಹೋಗಿ, ಅಲ್ಲಿ ತಾಯಿಯಿಲ್ಲದ ಸಿಂಹದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕುತ್ತಾಳಂತೆ. ಸಂಬಳ ಇಲ್ಲ, ಉಳಿಯೋಕೆ, ಊಟಕ್ಕೆ ಅವಳೇ ಹಣ ಕೊಡಬೇಕು. ರಜೆಯಲ್ಲೆಲ್ಲ ಸಮಾರಂಭಗಳಿಗೆ ಅಣ್ಣನ ಜೊತೆ ಹೋಗಿ ಫೋಟೋ ತೆಗೆದು ಅವಳು ಕೂಡಿಟ್ಟದ್ದು ಇದಕ್ಕೇ ಎಂದು ನಮಗೆ ಆಗ ಗೊತ್ತಾಯಿತು. ಮನೆಯ ಬೆಕ್ಕಿಗೆ ಹಾಲು ಹಾಕೋಕೆ ಹೇಳಿದರೆ ಮರೆಯುವವಳು ಸಿಂಹ ಸಾಕುತ್ತಾಳಾ ಎಂದು ಅತ್ತೆ ಮೂಗು ಮುರಿದರು. ಕೌಂಟರು ಯಾರು ನೋಡಿಕೊಳ್ಳುವುದು ಎಂದಷ್ಟೇ ನನ್ನ ಗಂಡ ಕೇಳಿದರು.

ನೇರವಾಗಿ ಹೇಳುತ್ತೇನೆ: ಅವಳು ಹೋಗುವುದು ನನಗೆ ಬೇಕಿರಲಿಲ್ಲ. ನನ್ನ ಗಂಡ ಮಾತಾಡುವುದು ದೀಪಗಳ ಜೊತೆ, ಅತ್ತೆ ಮಾತಾಡುವುದು ತಮ್ಮ ಮಂಡಿನೋವಿನ ಜೊತೆ. ನನ್ನ ಜೊತೆ ಜಗಳವಾಡುವವಳು, ನನ್ನ ಸೀರೆ ಕದ್ದು ಉಡುವವಳು, ಸಂಜೆ ಹಿಂದಿನಿಂದ ಬಂದು ಕಂಪ್ಯೂಟರಿನ ಮೇಲೆ ನೆರಳು ಬೀಳಿಸಿ ‘ಅತ್ತಿಗೆ, ಈಕೆಯ ಮೂಗು ಸ್ವಲ್ಪ ಉದ್ದ ಮಾಡಿ ನೋಡೋಣ’ ಎನ್ನುವವಳು ಅವಳೊಬ್ಬಳೇ. ಅವಳು ಹೋದರೆ ಈ ಮನೆಯಲ್ಲಿ ಅಲ್ಲಾಡುವುದು ಗಡಿಯಾರ ಮಾತ್ರ.

ಆಮೇಲೆ ಶುರುವಾಯಿತು ತಯಾರಿ. ಹೊಸ ಬೂಟು ಹದಕ್ಕೆ ಬರಲಿ ಎಂದು ಮೆಟ್ಟಿಲ ಮೇಲೆ ದಡದಡ ಓಡಾಟ. ಚೀಲ ತುಂಬುವುದು, ಬೆನ್ನಿಗೇರಿಸುವುದು, ಭಾರವಾಯಿತೆಂದು ಸುರಿಯುವುದು. ಗಂಟಾಗದಂತೆ ಹಾಲಿನ ಪುಡಿ ಕಲಸುವುದನ್ನು ಕಲಿಯಬೇಕೆಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹಾಳುಗೆಡವಿದಳು. ನಮ್ಮ ಬೆಕ್ಕು ಆ ತಿಂಗಳು ದುಂಡಗಾಯಿತು. ಅವಳ ರಭಸಕ್ಕೆ ಒಬ್ಬೊಬ್ಬರೇ ಸೋತರು. ನನ್ನ ಗಂಡ ತಮ್ಮ ಹಳೆಯ ಕ್ಯಾಮೆರಾ ಒರೆಸಿ ಕೊಟ್ಟರು. ಆ ದೇಶದಲ್ಲಿ ಚಳಿಯೋ ಸೆಕೆಯೋ ವಿಚಾರಿಸದೆ ಅತ್ತೆ ಉಲ್ಲನ್ ಟೋಪಿ ಹೆಣೆಯತೊಡಗಿದರು. ತಿಂಗಳ ಕೊನೆಯೊಳಗೆ ಆ ಜಾಗದವರಿಗೆ ಹಣ ಕಟ್ಟುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ಅವಳು ನನ್ನಿಂದ ಒಂದು ಉಪಕಾರ ಕೇಳಿದಳು. ಆ ಜಾಗದವರು ಇಂಟರ್‌ನೆಟ್ಟಿನಲ್ಲಿ ಹಾಕಿದ ಫೋಟೋಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ದೊಡ್ಡದಾಗಿ ಪ್ರಿಂಟ್ ಮಾಡಿಕೊಡಬೇಕು, ಅಮ್ಮನ ಕೋಣೆಯ ಗೋಡೆಗೆ, ಮಗಳು ಎಲ್ಲಿದ್ದಾಳೆಂದು ಅಮ್ಮನಿಗೆ ಕಾಣುತ್ತಿರಲಿ ಎಂದು. ಹೊಸದು ಹಳೆಯದು ಎಲ್ಲವನ್ನೂ ತೆರೆದುಕೊಂಡು ಕೂತೆ.

ನನಗೊಂದು ಕಾಯಿಲೆ ಇದೆ. ಎಲ್ಲರೂ ಫೋಟೋದಲ್ಲಿ ಮುಖ ನೋಡಿದರೆ ನಾನು ಮುಖದ ಹಿಂದೆ ನೋಡುತ್ತೇನೆ. ವರ್ಷಗಟ್ಟಲೆ ಪರದೆಯ ಸುಕ್ಕು ಅಳಿಸಿ ಅಳಿಸಿ ಅಂಟಿಕೊಂಡದ್ದು. ಇಲ್ಲೂ ಹಾಗೇ ಆಯಿತು. ಎಲ್ಲ ಫೋಟೋಗಳೂ ಒಂದೇ ಗೇಟಿನ ಮುಂದೆ. ಮರಿಯನ್ನು ಎತ್ತಿಕೊಂಡು ನಿಂತವನು ಒಬ್ಬನೇ ಮೇಲ್ವಿಚಾರಕ, ಪಕ್ಕದಲ್ಲಿ ನಗುತ್ತಿರುವ ಹುಡುಗ ಹುಡುಗಿಯರು ಬೇರೆ ಬೇರೆ. ಹಳೆಯ ಫೋಟೋದಲ್ಲಿ ಗೇಟಿನ ಬಳಿ ಮೊಣಕಾಲೆತ್ತರದ ಸಸಿಯೊಂದು ಕೋಲಿಗೆ ಒರಗಿತ್ತು. ಮುಂದೆ ಅದು ಗೇಟಿನೆತ್ತರ, ಆಮೇಲೆ ಹಿಂದಿನ ಕಟ್ಟಡದ ಮಾಡಿನೆತ್ತರ. ಮೇಲ್ವಿಚಾರಕನ ಗಡ್ಡ ಕಪ್ಪಿದ್ದದ್ದು ಬೆಳ್ಳಗಾಗುತ್ತಾ ಬಂದಿತ್ತು. ಬೋರ್ಡಿನ ಬಣ್ಣ ಮಾಸಿ, ಮತ್ತೆ ಹೊಡೆಸಿದ್ದರು. ಅವನ ತೋಳಿನಲ್ಲಿದ್ದ ಮರಿ ಮಾತ್ರ ಎಲ್ಲದರಲ್ಲೂ ಅಷ್ಟೇ ಇತ್ತು.

ದೊಡ್ಡ ಸಿಂಹ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ದೊಡ್ಡದು ಹೋಗಲಿ, ಮಡಿಲಲ್ಲಿ ಹಿಡಿಸದಷ್ಟು ಬೆಳೆದದ್ದೂ ಒಂದಿರಲಿಲ್ಲ. ಮಡಿಲ ಕೂಸಿನ ನಂತರ ಏನು ಬರುತ್ತದೆ ಎಂದು ನನಗೆ ಗೊತ್ತು. ನಮ್ಮ ಅಂಗಡಿ ನಡೆಯುವುದೇ ಅದರ ಮೇಲೆ. ಸಾಲಿನ ತುಂಬ ಕೂಸುಗಳೇ ಇದ್ದರೆ ಹಿಂದಿನ ಕೂಸುಗಳೆಲ್ಲ ಎಲ್ಲಿಗೆ ಹೋದವು?

ಗಂಡನಿಗೆ ಹೇಳಿದೆ. ಕಾಡಿಗೆ ಬಿಟ್ಟಿರಬಹುದು, ಹುಡುಗಿಯ ಖುಷಿಗೆ ಕಲ್ಲು ಹಾಕಬೇಡ ಎಂದರು. ಬಿಟ್ಟಿದ್ದರೂ ಬಿಟ್ಟಿರಬಹುದು. ಆದರೆ ಕಾಡಿಗೆ ಬಿಡುವ ಫೋಟೋವನ್ನು ಯಾರಾದರೂ ತೆಗೆಯದೆ ಇರುತ್ತಾರೆಯೇ? ಉಗುಳೋಕೂ ಆಗದೆ ನುಂಗೋಕೂ ಆಗದೆ ಒದ್ದಾಡಿದೆ. ಹೇಳಿದರೆ ಅವಳು ಹೋಗುವುದಿಲ್ಲ; ನನಗೆ ಬೇಕಾಗಿದ್ದದ್ದೂ ಅದೇ. ಹಾಗಾಗಿಯೇ ನನ್ನ ಕಣ್ಣಿನ ಮೇಲೆ ನನಗೇ ಗುಮಾನಿ. ಗಿರಾಕಿಯೊಬ್ಬರ ಮೊಡವೆ ಬಿಟ್ಟು ಮಚ್ಚೆ ಅಳಿಸಿಬಿಟ್ಟೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಮನೆಗೆ ಈಗ ಇಬ್ಬರು ಗಿರಿಗಿಟ್ಲೆಗಳಾದರು ಎಂದು ಅತ್ತೆ ಹೇಳಿಯೂ ಬಿಟ್ಟರು.

ಕೊನೆಗೆ ಒಂದು ಮಧ್ಯಾಹ್ನ, ಶಟರ್ ಅರ್ಧ ಎಳೆದು ಊಟಕ್ಕೆ ಹೋಗುವ ಹೊತ್ತಿನಲ್ಲಿ, ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ವರ್ಷದ ಫೋಟೋಗಳನ್ನು ಜೋಡಿಸುವ ಹಾಗೆ ಆ ಫೋಟೋಗಳನ್ನು ಸಾಲಾಗಿ ಜೋಡಿಸಿ ತೋರಿಸಿದೆ.

“ಗೇಟಿನ ಹತ್ರ ಇರೋ ಗಿಡ ನೋಡು,” ಎಂದೆ.

“ಅದಕ್ಕೇನಾಯ್ತು?”

“ಬೆಳೆದಿದೆ. ಈಗ ಮರಿ ನೋಡು.”

ಅವಳೂ ಸ್ಟುಡಿಯೋ ಮನೆಯ ಹುಡುಗಿಯೇ. ಸಾಲನ್ನು ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ನೋಡಿದಳು. ಅವಳಿಗೆ ಕಾಣಿಸಿತು ಎಂದು ಅವಳ ಕತ್ತು ಅಲ್ಲೇ ನಿಂತದ್ದರಿಂದ ಗೊತ್ತಾಯಿತು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ನಾನು ಹೋಗೋದು ನಿಮಗೆ ಇಷ್ಟ ಇಲ್ಲ ಅತ್ತಿಗೆ. ಅಷ್ಟು ಹೇಳಿ, ಸಾಕು.”

“ಇಷ್ಟ ಇಲ್ಲ. ಅದು ಬೇರೆ ಮಾತು. ನೀನು ಮರಿ ನೋಡು.”

ದಡದಡ ಮೆಟ್ಟಿಲು ಹತ್ತಿ ಹೋದಳು. ಬಾಗಿಲು ಹಾಕಿಕೊಂಡ ಸದ್ದಿಗೆ ಕೌಂಟರಿನ ಗಾಜು ಅದುರಿತು. ಆದರೆ ಸಂಜೆಯೊಳಗೆ ಅವಳು ಆ ಜಾಗದವರನ್ನು ಕೇಳಿಯೇಬಿಟ್ಟಿದ್ದಳು. ಎಲ್ಲಕ್ಕಿಂತ ಹಳೆಯ ಫೋಟೋದಲ್ಲಿರುವ ಮರಿ ಈಗ ಎಲ್ಲಿದೆ ಎಂದು. ಅದು ದೊಡ್ಡದಾಗಿ ದೊಡ್ಡ ಮನೆಗೆ ಹೋಗಿದೆ, ಹೊಸ ಪಾಪುಗಳು ನಿಮಗಾಗಿ ಕಾಯುತ್ತಿವೆ ಎಂದು ಹೂವು, ಹೃದಯಗಳ ಚಿತ್ರದೊಂದಿಗೆ ಉತ್ತರ ಬಂತು. ಆ ದೊಡ್ಡ ಮನೆಯ ಒಂದು ಫೋಟೋ ಕಳಿಸಿ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಹಣ ಕಟ್ಟಲು ನೆನಪೋಲೆ ಮಾತ್ರ ಬಂತು. ಅವಳು ಬಿಡಲಿಲ್ಲ. ಅಲ್ಲಿಗೆ ಹೋಗಿ ಬಂದವರನ್ನು ಹುಡುಕಿ ಮಾತಾಡಿಸಿದಳು. ಮರಿಗಳು ಅನಾಥವೇನಲ್ಲ, ತಾಯಿಯಿಂದ ಕಿತ್ತು ತಂದವು. ಮಡಿಲಿಗೆ ಭಾರವಾದ ಮೇಲೆ ಅವನ್ನು ಬೇಲಿಯೊಳಗೆ ಬಿಟ್ಟು, ದುಡ್ಡು ಕೊಟ್ಟು ಬೇಟೆಯಾಡುವವರಿಗೆ ಮಾರುತ್ತಾರೆ. ಮನುಷ್ಯರ ಕೈಯಲ್ಲಿ ಹಾಲು ಕುಡಿದು ಬೆಳೆದವು, ಬಂದೂಕು ಹಿಡಿದವನ ಹತ್ತಿರವೂ ತಾವಾಗಿಯೇ ನಡೆದು ಬರುತ್ತವೆ. ಇದನ್ನು ಅವಳು ನನಗೆ ಹೇಳಿದ್ದು ಗೋಡೆಯನ್ನು ನೋಡಿಕೊಂಡು.

ಅಂದಿನಿಂದ ಅವಳು ಕೂತಳು. ಎಲ್ಲಿ ಕೂತಳೋ ಅಲ್ಲೇ. ಊಟ ಒಂದೇ ಜಾಗದಲ್ಲಿ, ಹಲ್ಲುಜ್ಜುವುದು ಬಚ್ಚಲಲ್ಲಿ. ಮೆಟ್ಟಿಲು ಒಣಗಿ ಸ್ವಚ್ಛವಾಗಿತ್ತು. ಕೌಂಟರಿನಲ್ಲಿ ಕೂರಿಸಿದರೆ ಕೌಂಟರಿನಲ್ಲೇ ಇರುತ್ತಿದ್ದಳು. ಮಗಳಿಗೆ ಕೊನೆಗೂ ಬುದ್ಧಿ ಬಂತು ಎಂದು ಅತ್ತೆ ಸಮಾಧಾನಪಟ್ಟರು, ಹೆಣೆದ ಟೋಪಿಯನ್ನು ಬಿಚ್ಚಿ ಉಂಡೆ ಮಾಡಿದರು. ಅದೇ ವಾರ ಅವಳ ವರ್ಷದ ಫೋಟೋದ ದಿನ ಬಂತು. ಸ್ಟೂಲಿನ ಮೇಲೆ ಕೂತಳು, ನನ್ನ ಗಂಡ ಹಳದಿ ದೀಪ ಹಚ್ಚಿದರು, ಕ್ಯಾಮೆರಾ ಕಣ್ಣು ತೆರೆದು ಮುಚ್ಚಿತು. ಅವಳು ಅಲ್ಲಾಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ನೆಟ್ಟಗಿನ ಫೋಟೋ. ನನ್ನ ಗಂಡನಿಗೆ ಹಿಡಿಸಲಾರದ ಸಂತೋಷ, ಇದನ್ನೇ ದೊಡ್ಡದು ಮಾಡಿ ಫ್ರೇಮ್ ಹಾಕೋಣ, ತಿದ್ದಿಕೊಡು ಎಂದು ನನಗೆ ಕೊಟ್ಟರು.

ತೆರೆದು ನೋಡಿದೆ. ತಿದ್ದಲು ಏನೂ ಇರಲಿಲ್ಲ. ಕೂದಲು ಕೂದಲಾಗಿ ಸ್ಪಷ್ಟವಾಗಿತ್ತು, ರೆಪ್ಪೆ ಎಣಿಸಬಹುದಿತ್ತು, ಕಣ್ಣಿನಲ್ಲಿ ಯಾರೂ ಇರಲಿಲ್ಲ. ಅವಳು ಮನೆಯಲ್ಲಿರಲಿ ಎಂದು ಬಯಸಿದ್ದೆನಲ್ಲ, ಇದ್ದಾಳೆ, ತಗೋ. ನನಗೆ ಅಳು ಬಂತು. ಕಂಪ್ಯೂಟರ್ ಆರಿಸಿ ಎದ್ದೆ.

ಮರುದಿನದಿಂದ ಹುಡುಕಲು ಕೂತವಳು ನಾನೇ. ಇನ್ನೊಂದು ಜಾಗ, ಇನ್ನೊಂದು ದೇಶ, ಎಲ್ಲಾದರೂ ಸರಿ. ಮರಿಯನ್ನು ತಬ್ಬಿಕೊಂಡ ಫೋಟೋ ಇದ್ದರೆ ಮುಂದೆ ಓದುತ್ತಲೇ ಇರಲಿಲ್ಲ. ಆನೆಯ ಮೇಲೆ ಕೂತವರು, ಕೋತಿಗೆ ಬಟ್ಟೆ ಹಾಕಿದವರು, ಎಲ್ಲರನ್ನೂ ದಾಟಿದೆ. ನಮ್ಮ ಕಸುಬಿನವರು ನಾಚಿಕೆಪಡುವಷ್ಟು ಕೆಟ್ಟ ಫೋಟೋಗಳಿದ್ದ ಒಂದು ಜಾಗ ಕೊನೆಗೆ ಸಿಕ್ಕಿತು. ಒಣಹುಲ್ಲಿನಲ್ಲಿ ಸಾಲಾಗಿ ನಡೆಯುತ್ತಿರುವ ಜನರ ಬೆನ್ನುಗಳು. ಒಂದು ರಾಶಿ ತುಕ್ಕು ಹಿಡಿದ ತಂತಿ. ಕಳ್ಳಬೇಟೆಯವರು ಹುಲ್ಲಿನಲ್ಲಿ ಒಡ್ಡಿದ ತಂತಿಯ ಉರುಲುಗಳನ್ನು ಹುಡುಕಿ ಕತ್ತರಿಸಿ ತರುವುದು ಅಲ್ಲಿಯ ಕೆಲಸ. ಸಂಜೆ ಬಂದು ಪಾತ್ರೆ ತೊಳೆಯಬೇಕು. ಪ್ರಾಣಿಗಳನ್ನು ಮುಟ್ಟುವಂತಿಲ್ಲ, ಅವುಗಳ ಜೊತೆ ಫೋಟೋ ತೆಗೆಸಿಕೊಳ್ಳುವಂತಿಲ್ಲ ಎಂದು ಮೊದಲೇ ಬರೆದಿದ್ದರು. ಅಲ್ಲಿಗೆ ಹೋಗಿ ಬಂದವರನ್ನೂ ವಿಚಾರಿಸಿದೆ. ಕಾಲಲ್ಲಿ ಬೊಬ್ಬೆ ಏಳುತ್ತದೆ ಎಂಬುದೊಂದೇ ಎಲ್ಲರ ದೂರು.

ಕೌಂಟರಿನಲ್ಲಿ ಕೂತಿದ್ದವಳ ಮುಂದೆ ಆ ಫೋಟೋ ಇಟ್ಟೆ. ಬಹಳ ಹೊತ್ತು ನೋಡಿದಳು.

“ಪ್ರಾಣಿ ಎಲ್ಲಿದೆ ಇದರಲ್ಲಿ?”

“ಹಿಂದುಗಡೆ ನೋಡು. ಓಡಿಹೋಗ್ತಾ ಇದೆ.”

ಅವಳು ಬಗ್ಗಿದಳು. ಹುಲ್ಲಿನ ಕೊನೆಯಲ್ಲಿ ಕಂದು ಬಣ್ಣದ್ದೇನೋ ಒಂದು, ಜಿಂಕೆಯಿರಬಹುದು, ಪೂರ್ತಿ ಕಲಸಿಹೋಗಿತ್ತು. ತಂತಿ ಕಣ್ಣಿಗೆ ಬೀಳುವುದು ಕಷ್ಟವಂತೆ, ಫೋಟೋದ ಮೇಲೆ ಬಿದ್ದ ಕೂದಲಿನಷ್ಟು ಸಣ್ಣ, ದಿನವಿಡೀ ನಡೆಯುತ್ತಲೇ ಇರಬೇಕಂತೆ ಎಂದು ನಾನು ಸುಮ್ಮನೆ ಹೇಳಿದೆ. ಕೌಂಟರಿನ ಕೆಳಗೆ ಟಕಟಕ ಸದ್ದು ಕೇಳಿಸಿತು. ಅವಳ ಕಾಲು. ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಪೇಸ್ಟಿನ ನೊರೆ ಬಿದ್ದಿತ್ತು, ನಾನು ಮಧ್ಯಾಹ್ನದವರೆಗೆ ಅದನ್ನು ಒರೆಸಲಿಲ್ಲ.

ಅತ್ತೆ ಗೊಣಗುತ್ತಾ ಉಂಡೆಯನ್ನು ಮತ್ತೆ ಟೋಪಿ ಮಾಡಿದರು. ಹೊರಡುವ ದಿನ ಬೀದಿಯಲ್ಲಿ ಟ್ಯಾಕ್ಸಿ ನಿಂತಿದ್ದಾಗ, ವರ್ಷದ ಫೋಟೋ ಅಂತೂ ನೀನು ತಿದ್ದಿ ಮುಗಿಸಿಕೊಡಲಿಲ್ಲ, ಇನ್ನೊಂದು ತೆಗೆದುಬಿಡುತ್ತೇನೆ ಎಂದು ನನಗೆ ಹೇಳಿ ನನ್ನ ಗಂಡ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೆನ್ನ ಮೇಲೆ ಚೀಲ, ತಲೆಯ ಮೇಲೆ ಟೋಪಿ. ಅಲ್ಲಾಡಬೇಡ ಎಂದರು. ಕ್ಯಾಮೆರಾ ಕಣ್ಣು ತೆರೆಯುವುದಕ್ಕೂ ಹೊರಗೆ ಹಾರ್ನ್ ಆಗುವುದಕ್ಕೂ ಸರಿಹೋಯಿತು. ಅವಳು ಬಾಗಿಲ ಕಡೆ ತಿರುಗಿ, ನೆನಪಾಗಿ ನನ್ನ ಕಡೆ ತಿರುಗಿದಳು. ಮುಖ ಎರಡಾಯಿತು, ಬೀಸಿದ ಕೈ ಹೊಗೆಯಾಯಿತು. ಇನ್ನೊಂದು ಸಲ ಎಂದು ನನ್ನ ಗಂಡ ಗೋಗರೆದರು.

“ಬೇಡ ರೀ, ಇದೇ ಇರಲಿ,” ಎಂದೆ. ಅವಳು ಆಗಲೇ ಬೀದಿಯಲ್ಲಿದ್ದಳು.

ಅದನ್ನೇ ದೊಡ್ಡದು ಮಾಡಿ, ಫ್ರೇಮ್ ಹಾಕಿಸಿ, ಕೌಂಟರಿನ ಹಿಂದೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದ್ದೇನೆ. ಸಂಜೆಗಳು ಉದ್ದವಾಗಿವೆ, ಯಾರ ಮೂಗನ್ನೂ ಉದ್ದ ಮಾಡಲು ಯಾರೂ ಬರುವುದಿಲ್ಲ. ಬಂದ ಗಿರಾಕಿಗಳಲ್ಲಿ ಒಬ್ಬರಾದರೂ ತಲೆಯೆತ್ತಿ, ಫೋಟೋ ಅಂಗಡಿಯಲ್ಲಿ ಇಂಥದ್ದನ್ನು ಹಾಕಿದ್ದೀರಲ್ಲಮ್ಮ, ಅಲ್ಲಾಡಿಹೋಗಿದೆ, ಈ ಹುಡುಗಿಯದು ಚೆನ್ನಾಗಿ ಬಂದದ್ದು ಬೇರೆ ಇಲ್ಲವೇ ಎಂದು ಕೇಳುತ್ತಾರೆ.

“ಇದೆ,” ಎನ್ನುತ್ತೇನೆ. “ಅದರಲ್ಲಿ ಅವಳಿಲ್ಲ.”